ಬಾಬಾನ ಮಣ್ಣು

ತಂದೆಯ ಮಣ್ಣನ್ನು ಗೀತಿ ಹ್ಯಾಂಬರ್ಗಿನ ತನ್ನ ಅಡುಗೆಮನೆಯಲ್ಲಿ ನಿಂತು ನಿರ್ದೇಶಿಸಿದಳು.

"ಇರಜ್, ಸ್ವಲ್ಪ ಎಡಕ್ಕೆ ಬಾ. ಬೆಳಕು ಎದುರಿಗೆ ಬರ್ತಿದೆ, ಎಲ್ಲರೂ ಕಪ್ಪಗೆ ಕಾಣ್ತಿದಾರೆ."

"ಎಲ್ಲರೂ ಹಾಕ್ಕೊಂಡಿರೋದೇ ಕಪ್ಪು ಬಟ್ಟೆ ಅಕ್ಕಾ," ಅಂದ ತಮ್ಮ, ಇರಾನಿನ ರಷ್ತ್ ಊರಿನ ಖಬರಸ್ಥಾನದಿಂದ. "ಇದು ನಿನ್ನ ಸಿನಿಮಾ ಅಲ್ಲ."

"ಗೊತ್ತು. ಫೋನನ್ನ ಅಡ್ಡ ಹಿಡಿ."

ಅಡ್ಡ ಹಿಡಿದ. ಅಕ್ಕನೊಂದಿಗೆ ವಾದಿಸಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಗೀತಿ ಊರಿಗೆ ಹೋಗುವಂತಿರಲಿಲ್ಲ. ಹೋದರೆ ವಿಮಾನ ನಿಲ್ದಾಣದಿಂದ ನೇರ ಜೈಲಿಗೆ. ಅವಳ ಎರಡನೆಯ ಚಿತ್ರದಲ್ಲಿ ಒಬ್ಬ ಹೆಂಗಸು ತನ್ನದೇ ಮನೆಯಲ್ಲಿ, ತನ್ನದೇ ಕನ್ನಡಿಯ ಮುಂದೆ, ಬರಿತಲೆಯಲ್ಲಿ ಕೂತು ಕೂದಲು ಬಾಚಿಕೊಂಡಿದ್ದಳು. ಸರ್ಕಾರದ ಅನುಮತಿ ಕೇಳದೆ ತೆಗೆದ ಚಿತ್ರ. ಅದನ್ನು ತೋರಿಸಲು ಗೀತಿ ಹೊರದೇಶಕ್ಕೆ ಹೋಗಿದ್ದಾಗ ಇತ್ತ ಇರಾನಿನಲ್ಲಿ ಅವಳಿಗೆ ಜೈಲುಶಿಕ್ಷೆಯಾಯಿತು. ಹೋದವಳು ಹೋದಲ್ಲೇ ಉಳಿದಳು. ಚಿತ್ರೋತ್ಸವಗಳಲ್ಲಿ ಜನ ಎದ್ದುನಿಂತು ಅವಳ ಧೈರ್ಯವನ್ನು ಹೊಗಳುತ್ತಿದ್ದರು. ಚಿತ್ರ ಹೇಗಿತ್ತೆಂದು ಹೇಳುವವರು ಕಡಿಮೆ. ಹೊಟ್ಟೆಪಾಡಿಗೆ ಹ್ಯಾಂಬರ್ಗಿನ ಇರಾನಿಗಳ ಮದುವೆ ವಿಡಿಯೋ ತೆಗೆಯುತ್ತಿದ್ದಳು. ಅಲ್ಲಿ ಧೈರ್ಯ ಯಾರಿಗೂ ಬೇಕಿರಲಿಲ್ಲ, ಮದುಮಗಳ ತಾಯಿ ತೆಳ್ಳಗೆ ಕಂಡರೆ ಸಾಕಿತ್ತು.

ಬಾಬಾ ಮೀನಿನ ವ್ಯಾನ್ ಓಡಿಸುತ್ತಿದ್ದ. ಮಗಳ ಮೊದಲ ಚಿತ್ರದ ಕ್ಯಾಮೆರಾ ಊರೂರು ಸುತ್ತಿದ್ದು ಅವನ ಮೀನಿನ ಪೆಟ್ಟಿಗೆಗಳ ಅಡಿಯಲ್ಲಿ. ತಪಾಸಣೆಯವರು ಮೂಗು ಮುಚ್ಚಿಕೊಂಡು "ಹೋಗು, ಹೋಗು" ಅನ್ನುತ್ತಿದ್ದರು. ಅದೇ ಚಿತ್ರದಲ್ಲಿ ಹೆಣವಾಗಿ ಮಲಗಿದವನೂ ಅವನೇ. ಅಪಶಕುನವೆಂದು ಬೇರೆ ಯಾರೂ ಒಪ್ಪಿರಲಿಲ್ಲ. ಬಿಳಿ ಬಟ್ಟೆಯಡಿ ಬಾಬಾ ನಿದ್ದೆಹೋಗಿ, ಗೊರಕೆ ಹೊಡೆದು, ದೃಶ್ಯವನ್ನು ಮತ್ತೆ ಮತ್ತೆ ತೆಗೆಯಬೇಕಾಯಿತು. "ಹೆಣ ಉಸಿರಾಡಬಾರದು ಬಾಬಾ," ಎಂದು ಗೀತಿ ಎಲ್ಲರೆದುರು ಗದರಿದ್ದಳು.

ಈ ಸಲ ಬಾಬಾ ಅಚ್ಚುಕಟ್ಟಾಗಿ ಮಲಗಿದ್ದ.

"ಹತ್ತಿರ ಹೋಗು. ಮುಖ ತೋರಿಸು," ಅಂದಳು ಗೀತಿ.

"ಮುಖ ತೆಗೆಯೋದು ಗುಂಡಿಗೆ ಇಳಿಸಿದ ಮೇಲೆ. ನಾನೂ ಇಳೀಬೇಕು." ಇರಜ್‌ನ ದನಿ ಸಣ್ಣದಾಯಿತು. "ಭುಜ ಅಲ್ಲಾಡಿಸಿ, ಹೆಸರು ಹಿಡಿದು ಕರೀಬೇಕಂತೆ. ಮುಲ್ಲಾ ಹೇಳಿಕೊಡ್ತಾರಂತೆ. ನನ್ ಕೈಲಿ ಆಗುತ್ತಾ ಅಕ್ಕಾ?"

"ಆಗುತ್ತೆ. ಫೋನ್ ಯಾರಿಗಾದ್ರೂ ಕೊಟ್ಟು ಇಳಿ. ಕೈ ನಡುಗದವರಿಗೆ ಕೊಡು."

ಇರಜ್ ಸುತ್ತ ನೋಡಿದ. ಕೈ ನಡುಗದವರು ಅಲ್ಲಿ ಯಾರೂ ಕಾಣಲಿಲ್ಲ. ಫೋನು ಬಾಬಾನ ಅಕ್ಕ ಬತೂಲ್ ಅತ್ತೆಯ ಕೈಸೇರಿತು. "ಎಲ್ಲಿ ಬೇಕಾದ್ರೂ ಮುಟ್ಟಿ ಅತ್ತೆ, ಇಲ್ಲಿ ಮಾತ್ರ ಮುಟ್ಬೇಡಿ," ಎಂದು ಅವನು ತೋರಿಸಿಕೊಟ್ಟ. ಅತ್ತೆ ಅಲ್ಲೇ ಮುಟ್ಟಿದಳು.

ಹೂಳುವ ಗುಂಡಿ ಮಾಯವಾಯಿತು. ಪರದೆಯ ತುಂಬ ಅತ್ತೆಯದೇ ಮುಖ, ಕಪ್ಪು ಚಾದರ, ಮೇಲೊಂದಿಷ್ಟು ಮೋಡ.

"ಕಾಣಿಸ್ತಿದೆಯಾ ಗೀತಿ ಜಾನ್?"

"ಅತ್ತೆ, ಫೋನಿನ ಕ್ಯಾಮೆರಾ ತಿರುಗಿದೆ. ಕೆಳಗೆ ಮೂಲೇಲಿ ನೋಡಿ, ಒಂದು ಗುರುತಿದೆ..."

"ಕೇಳಿಸ್ತಿಲ್ಲಮ್ಮ, ಮುಲ್ಲಾ ಶುರುಮಾಡಿದ್ರು. ನೀನು ಸುಮ್ನೆ ನೋಡು. ನಾನು ಗಟ್ಟಿಯಾಗಿ ಹಿಡ್ಕೊಂಡಿದೀನಿ."

ಗಟ್ಟಿಯಾಗಿಯೇ ಹಿಡಿದಿದ್ದಳು. ಆದರೆ ಫೋನಿನ ಕಡೆ ನೋಡುತ್ತಿರಲಿಲ್ಲ, ಅವಳ ಕಣ್ಣು ಗುಂಡಿಯ ಮೇಲಿತ್ತು. ಇನ್ನೊಮ್ಮೆ ಹೇಳಲು ಗೀತಿ ಬಾಯಿ ತೆರೆದಳು. ಅಷ್ಟರಲ್ಲಿ ಎಲ್ಲೋ ಕೆಳಗಿನಿಂದ ಇರಜ್‌ನ ದನಿ ಬಂತು. ಮುಲ್ಲಾ ಹೇಳಿಕೊಟ್ಟದ್ದನ್ನು ತಡವರಿಸುತ್ತ ಹೇಳುತ್ತಿದ್ದ: "ಕೇಳು, ಹಾಶೆಮನ ಮಗ ರಹ್ಮತ್... ಕೇಳು, ತಿಳಿದುಕೋ..." ಅತ್ತೆ ಉಸಿರು ಬಿಗಿಹಿಡಿದಳು. ಗುಂಡಿಯಲ್ಲಿದ್ದ ತನ್ನ ತಮ್ಮ ಓಗೊಡುತ್ತಾನೇನೋ ಎಂದು ಕಾಯುವವಳ ಹಾಗೆ ಕತ್ತು ಮುಂದೆ ಚಾಚಿದಳು. ಕಾದಳು. ಆಮೇಲೆ ಅವಳ ಕೆಳದುಟಿ ಮೆಲ್ಲಗೆ ಒಳಸೇರಿತು.

ಗೀತಿ ತೆರೆದ ಬಾಯಿ ಮುಚ್ಚಿದಳು.

"ಮುಖ ತೆಗೆದ್ರು ಕಣೇ," ಅಂದಳು ಅತ್ತೆ. "ನೋಡ್ಕೊ. ಕೊನೇ ಸಲ. ನೋಡಿದ್ಯಾ?"

ಪರದೆಯಲ್ಲಿ ಇನ್ನೂ ಅತ್ತೆಯ ಮುಖವೇ. ಬಾಬಾನದೇ ಅಗಲ ಹಣೆ, ಬಾಬಾನದೇ ಕೂಡುಹುಬ್ಬು, ನಕ್ಕರೆ ಒಂದೇ ಕಡೆ ಗುಳಿಬೀಳುವ ಬಾಬಾನದೇ ಕೆನ್ನೆ. ಅದರ ಮೇಲೆ ನೀರಿಳಿಯುತ್ತಿತ್ತು.

"ನೋಡ್ದೆ ಅತ್ತೆ."

"ಹೇಗೆ ಕಾಣ್ತಾನೆ?"

"ಚೆನ್ನಾಗೇ ಕಾಣ್ತಾನೆ."

"ಅದೇ ನಾನೂ ಅಂದೆ. ಬದುಕಿದ್ದಾಗ ಇಷ್ಟು ನೀಟಾಗಿ ಯಾವತ್ತೂ ಇರ್ಲಿಲ್ಲ ಮುಂಡೇದು." ಅತ್ತೆ ಮೂಗೊರೆಸಿಕೊಂಡಳು. "ಕಲ್ಲು ಮುಚ್ಚಿದ್ರು. ಎಲ್ಲಾರೂ ಮಣ್ಣು ಹಾಕ್ತಿದಾರೆ. ನಿನ್ನ ಪಾಲಿಂದು ನಾನೇ ಹಾಕ್ಲಾ?"

"ಹಾಕಿ," ಅಂದಳು ಗೀತಿ.

ಅತ್ತೆ ಬಗ್ಗಿದಳು. ಮೋಡ ಉರುಳಿತು, ಯಾರದೋ ಬೂಟು, ಹುಲ್ಲು, ಮಳೆಗೆ ನೆನೆದ ಮಣ್ಣು ಹಾದುಹೋದವು. ವಾಡಿಕೆಯಂತೆ ಕೈಯ ಹಿಂಬದಿಯಿಂದ ಮಣ್ಣು ಚೆಲ್ಲಿ, ಕೊನೆಗೆ ಅದೇ ಕೈಯಿಂದ ಫೋನನ್ನು ಇನ್ನಷ್ಟು ಭದ್ರವಾಗಿ ಹಿಡಿದಳು. ಕೈಯ ಮಣ್ಣು ಕ್ಯಾಮೆರಾಕ್ಕೆ ಮೆತ್ತಿ ಪರದೆ ಪೂರ್ತಿ ಕಂದುಬಣ್ಣಕ್ಕೆ ತಿರುಗಿತು.

"ಹಾಕ್ದೆ ಕಣಮ್ಮ. ಕಾಣಿಸ್ತಾ?"

"ಕಾಣಿಸ್ತು ಅತ್ತೆ," ಅನ್ನುತ್ತ ಗೀತಿ ಹ್ಯಾಂಬರ್ಗಿನಲ್ಲಿ ತನ್ನ ಫೋನಿನ ಗಾಜನ್ನು ಸ್ವೆಟರಿನ ತೋಳಿನಿಂದ ಒರೆಸುತ್ತಲೇ ಇದ್ದಳು.