ಒಂದು ಹೆಸರೂ ಬಿಡದ ಮಾಸ್ಟ್ರು

ಹಾಳೆ ಕತ್ತರಿಸಿದ್ದು ಚಿತ್ತರಂಜನ ಶೆಟ್ಟರೇ. ಬ್ಲೇಡಿನಿಂದ, ಹೊಲಿಗೆಯ ಪಕ್ಕದಲ್ಲೇ, ಒಂದು ಚೂರೂ ಓರೆಯಾಗದಂತೆ. ವಯಸ್ಸು ಎಪ್ಪತ್ತೆಂಟಾದರೂ ಕೈ ತಪ್ಪಲಿಲ್ಲ. ಹಾಳೆಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಗೇಟಿನ ಹೊರಗೆ ಸ್ಕೂಟರ್ ನಿಂತಿತು.

“ಬಂದಳು,” ಅಂದರು ಹೆಂಡತಿ ಆಶಾಲತಾ, ಕಿಟಕಿಯ ಬಳಿಯಿಂದ. “ಪುಸ್ತಕ ಸಿಕ್ಕಲಿಲ್ಲ ಅಂತ ಹೇಳಿಬಿಡಿ ಮಾರಾಯ್ರೆ. ನಾಳೆ ಎಲ್ಲರ ಎದುರು ಅದನ್ನು ಓದಿದರೆ ಎಂತ ಮಾಡುದು?”

“ಪುಸ್ತಕ ಉಂಟು ಅಂತ ಊರಿಗೆಲ್ಲ ಹೇಳಿದ್ದು ನಾನೇ ಅಲ್ವಾ?”

ನಾಳೆ ಗಣರಾಜ್ಯೋತ್ಸವ. ದೇರೆಬೈಲಿನ ಬಡಾವಣೆಯ ಸಂಘದವರು ಶೆಟ್ಟರ ತಂದೆ ಮಹಾಬಲ ಮಾಸ್ಟ್ರ ಫೋಟೋ ಅನಾವರಣ ಮಾಡುವವರಿದ್ದರು. ಕಾರಣ ಆ ಪುಸ್ತಕ.

ಸಂವಿಧಾನ ಇನ್ನೂ ಕರಡಾಗಿದ್ದಾಗಲೇ, 1948ರಲ್ಲೇ, ದೇಶದ ಮೊದಲ ಮತದಾರರ ಪಟ್ಟಿ ಬರೆಯಲು ಜನ ಮನೆಮನೆಗೆ ಹೊರಟಿದ್ದರು. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಈ ಊರಿನಲ್ಲಿ ಹೊರಟವರು ಮಹಾಬಲ ಮಾಸ್ಟ್ರು, ಅವರು ಹೆಸರು ಬರೆದುಕೊಂಡದ್ದು ಆ ಪುಸ್ತಕದಲ್ಲಿ. ಇಪ್ಪತ್ತೊಂದು ತುಂಬಿದ ಎಲ್ಲರ ಹೆಸರೂ ಬೇಕು. ಸ್ವಂತ ಹೆಸರೇ ಬೇಕು, ಇಂಥವನ ಹೆಂಡತಿ, ಇಂಥವನ ಮಗಳು ಎಂದರೆ ನಡೆಯದು. ತೊಂದರೆಯಾದದ್ದು ಅಲ್ಲೇ. ಹೆಂಗಸರು ಪರರ ಎದುರು ತಮ್ಮ ಹೆಸರು ಹೇಳುತ್ತಿರಲಿಲ್ಲ. ಗಂಡಸರು ಹಿರಿಯರ ಎದುರು ಹೆಂಡತಿಯ ಹೆಸರನ್ನು ಬಾಯಿಗೆ ತರುತ್ತಿರಲಿಲ್ಲ. ಹೀಗೆ ದೇಶದಲ್ಲಿ ಲಕ್ಷಾಂತರ ಹೆಂಗಸರು ಪಟ್ಟಿಯಿಂದ ಬಿದ್ದುಹೋದರು.

ಆದರೆ ಮಹಾಬಲ ಮಾಸ್ಟ್ರ ಪುಸ್ತಕದಲ್ಲಿ ಒಬ್ಬಳೂ ಬೀಳಲಿಲ್ಲವಂತೆ. ಶೆಟ್ಟರು ನಲವತ್ತು ವರ್ಷಗಳಿಂದ ಹೋದಲ್ಲೆಲ್ಲ ಇದನ್ನು ಹೇಳಿಕೊಂಡು ಬಂದಿದ್ದರು. ಬ್ಯಾನರಿಗೂ ಅವರೇ ಬರೆಸಿದ್ದರು: ‘ಒಂದು ಹೆಸರೂ ಬಿಡದ ಮಾಸ್ಟ್ರು’. ಪುಸ್ತಕ ಮಾತ್ರ ಬಟ್ಟೆ ಸುತ್ತಿ ಟ್ರಂಕಿನಲ್ಲೇ ಇತ್ತು. ಹೆಮ್ಮೆಪಡುವವರು ಪುರಾವೆ ತೆರೆದು ನೋಡುವುದು ಕಡಿಮೆ. ಶೆಟ್ಟರು ಅದನ್ನು ಮೊದಲ ಬಾರಿಗೆ ತೆರೆದದ್ದು ಕಳೆದ ವಾರ. ಅಂದಿನಿಂದ ಅವರಿಗೆ ಊಟ ಸೇರಿರಲಿಲ್ಲ.

“ನಂತೂರಿನಲ್ಲಿ ಲಾರಿಗಳ ಸಾಲು. ಲೇಟಾಯ್ತು ಸರ್,” ಎನ್ನುತ್ತ ಸುಮಯ್ಯಾ ಒಳಗೆ ಬಂದಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ನಾಳೆಯ ಭಾಷಣ ಅವಳದೇ. ಅವಳ ಮನೆಯವರು ಮೂಲತಃ ಇಲ್ಲಿಯ ಮಸೀದಿ ಓಣಿಯವರು.

ಅವಳು ಗೋಡೆಯ ಮೇಲಿನ ಫೋಟೋ ನೋಡಿದಳು. “ಇದು ನಿಮ್ಮ ಅಮ್ಮನಾ?”

ಉತ್ತರ ಕೊಟ್ಟದ್ದು ಆಶಾಲತಾ. “ಹೌದು. ಅತ್ತೆ ಭಾರೀ ತಮಾಷೆ. ಎಲೆಕ್ಷನಿನವರು ಬಂದರೆ ಮಾಡುತ್ತಿದ್ದ ಕೆಲಸ ಬಿಟ್ಟು ಗೇಟಿಗೆ ಓಡುದು. ಅವರು ಕೇಳುವ ಮೊದಲೇ, ‘ಮುತ್ತಕ್ಕೆ ಶೆಡ್ತಿ, ಮುತ್ತಕ್ಕೆ ಶೆಡ್ತಿ, ಬರ್ಕೊಳ್ಳಿ’ ಅಂತ ಬೊಬ್ಬೆ. ನಾವೆಲ್ಲ ಎಷ್ಟು ನಗಾಡ್ತಿದ್ದೆವು.”

ಇವತ್ತು ಯಾರೂ ನಗಲಿಲ್ಲ. ಆಶಾಲತಾ ಚಹಾ ತರುತ್ತೇನೆಂದು ಎದ್ದರು, ಬಾಗಿಲ ಬಳಿಯೇ ನಿಂತರು.

“ಸರ್, ನೇರ ಹೇಳ್ತೇನೆ,” ಅಂದಳು ಸುಮಯ್ಯಾ. “ನನ್ನ ಮುತ್ತಜ್ಜಿ ಝುಬೈದಾ ಸಾಯುವವರೆಗೂ ಒಂದು ಮಾತು ಹೇಳ್ತಿದ್ದರಂತೆ. ‘ಆ ಮಾಸ್ಟ್ರು ಒಬ್ಬಳ ಹೆಸರು ಹೊಡೆದು ಹಾಕಿದ್ರು’ ಅಂತ. ಆ ಒಬ್ಬಳು ಅವರೇ ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ.”

“ನಾಳೆ ಅದನ್ನು ಹೇಳ್ತೀರಾ?”

“ಪುಸ್ತಕದಲ್ಲಿ ಇದ್ದರೆ ಹೇಳ್ಬೇಕಲ್ಲ ಸರ್. ಒಂದು ಹೆಂಗಸಿಗೆ ಅನ್ಯಾಯ ಆಗಿದೆ.”

“ಆಗಿದೆ,” ಅಂದರು ಶೆಟ್ಟರು. ಪುಸ್ತಕವನ್ನು ಅವಳ ಮುಂದೆ ಸರಿಸಿದರು.

ಸುಮಯ್ಯಾ ಒಂದೊಂದೇ ಹಾಳೆ ತಿರುವಿದಳು. ಅರ್ಧಕ್ಕೆ ಬಂದಾಗ ಅವಳ ಬೆರಳು ನಿಂತಿತು.

“ಇಲ್ಲಿ ಒಂದು ಹಾಳೆ ಇಲ್ಲ.”

“ಹಳೇ ಪುಸ್ತಕ.”

“ಪುಸ್ತಕ ಹಳೆಯದು ಸರ್. ಕತ್ತರಿಸಿದ್ದು ಹಳೆಯದಲ್ಲ. ಅಂಚು ಬೆಳ್ಳಗೆ ಉಂಟು.” ಅವಳು ಪುಸ್ತಕವನ್ನು ಅವರ ಕಡೆ ತಿರುಗಿಸಿದಳು. “ನಮ್ಮವರು ಅಂತ ಹೊಡೆದು ಹಾಕಿದ್ದಾ? ಅದನ್ನು ನೀವು ಮುಚ್ಚಿಡುದಾ?”

ಶೆಟ್ಟರ ಮುಖ ಕಪ್ಪಿಟ್ಟಿತು. ಸಿಟ್ಟು ಬಂದದ್ದು ಹುಡುಗಿಯ ಮೇಲಲ್ಲ. “ಮುಂದಿನ ಪುಟ ನೋಡಿ,” ಅಂದರು.

ಮುಂದಿನ ಪುಟದ ತಲೆಯಲ್ಲಿ ‘ಮಸೀದಿ ಓಣಿ’ ಎಂದಿತ್ತು. ಕೆಳಗೆ ಮನೆಮನೆಯ ಹೆಂಗಸರು, ಎಲ್ಲರೂ ಸ್ವಂತ ಹೆಸರಿನವರು. ಏಳನೆಯ ಸಾಲಿನಲ್ಲಿ ಝುಬೈದಾ, ವಯಸ್ಸು ಇಪ್ಪತ್ತಮೂರು. ಪಕ್ಕದಲ್ಲಿ ಮಾಸ್ಟ್ರ ಸಣ್ಣ ಅಕ್ಷರ: ‘ಮೂರು ದಿನ ಹೋಗಿ ಕೇಳಿದ ಮೇಲೆ ಬಾಗಿಲ ಹಿಂದಿನಿಂದ ತಾನೇ ಹೇಳಿದಳು.’

ಸುಮಯ್ಯಾ ಆ ಹೆಸರಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಸಂತೋಷಕ್ಕೂ ನಾಚಿಕೆಗೂ ಕಣ್ಣು ತುಂಬಿತು. “ಸಾರಿ ಸರ್. ಮೂರು ದಿನ ಓಣಿಯಲ್ಲಿ ಕಾದಿದ್ದಾರೆ ಪಾಪ.” ಮತ್ತೆ ತಲೆ ಎತ್ತಿದಳು. “ಹಾಗಾದರೆ ಮುತ್ತಜ್ಜಿ ಹೇಳಿದ ಆ ಒಬ್ಬಳು ಯಾರು?”

ಶೆಟ್ಟರು ಹೊಸ ಫ್ರೇಮಿನಲ್ಲಿದ್ದ ಅಪ್ಪನನ್ನು ನೋಡಿದರು. ಕೈ ಕಿಸೆಗೆ ಹೋಯಿತು.

“ಬೇಡ,” ಅಂದರು ಆಶಾಲತಾ. “ಮಾವನ ಮರ್ಯಾದೆ.”

“ಎಷ್ಟು ವರ್ಷ ಅಂತ ಅವರ ಮರ್ಯಾದೆ ಕಾಯುದು? ಪಾಪ, ಆ ಹೆಂಗಸು ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಒಪ್ಪುವ. ಪಕ್ಕದಲ್ಲೇ ಇದ್ದವರಿಗೆ ಹೆಸರು ಗೊತ್ತಿತ್ತಲ್ಲ!” ಶೆಟ್ಟರು ಕಿಸೆಯಿಂದ ಹಾಳೆ ತೆಗೆದರು. ಸುಮಯ್ಯಾಳ ಕೈಗೆ ಕೊಟ್ಟರು. “ನಾಳೆ ಇದನ್ನೂ ಓದಿ.”

ಸುಮಯ್ಯಾ ಮಡಿಕೆ ಬಿಚ್ಚಿದಳು. ಅದೇ ದುಂಡಗಿನ ಅಕ್ಷರ. ಒಂದು ಸಾಲಿನ ಮೇಲೆ ಮಾತ್ರ ಅಡಿಕೋಲು ಇಟ್ಟು ಎಳೆದ ಕೆಂಪು ಗೆರೆ. ಗೆರೆಯ ಕೆಳಗಿನದು ಈಗಲೂ ಓದುವಂತಿತ್ತು.

‘ಚಿತ್ತರಂಜನನ ತಾಯಿ. ವಯಸ್ಸು ಇಪ್ಪತ್ತೆರಡು. ಹೆಸರು ಹೇಳುವವರಿಲ್ಲ. ತೆಗೆದಿದೆ.’