ತಟ್ಟಿ ನೋಡಿದ ಮೂಸೆ

"ಒಡೆದಿದೆ," ಎಂದರು ಮಾವ, ಮರದ ಕೊಡತಿಯನ್ನು ಕೆಳಗಿಟ್ಟು. ಸೊಸೆ ಮೇಜಿನತ್ತ ಬಗ್ಗಿ ನೋಡಿದಳು. ಮೇಜಿನ ಮೇಲಿದ್ದದ್ದು ಅವಳು ಯಾರ ಕೈಯನ್ನೂ ಸೋಕಿಸದೆ ಒಬ್ಬಳೇ ಬೆಸುಗೆ ಹಾಕಿದ ಮೊದಲ ಮೂಸೆ, ಕರಗಿಸುವ ಪಾತ್ರೆ. ಇರಿಡಿಯಂ ಲೋಹಕ್ಕೆ ಚೂರು ರೋಡಿಯಂ ಬೆರೆಸಿ ಮಾಡಿದ್ದು. ಪ್ಲಾಟಿನಂ ನೀರಾಗಿ ಹರಿಯುವ ಕಾವಿನಲ್ಲೂ ಮೈ ಬಿಗಿಹಿಡಿದು ಕೂರಬೇಕಾದದ್ದು.

ಅದನ್ನು ಒಯ್ಯಲು ಲೇಸರಿನ ಹರಳು ಬೆಳೆಸುವ ಕಾರ್ಖಾನೆಯಿಂದ ಕುಲುಮೆಯವನು ಬಂದು ಕೂತಿದ್ದ. ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಒಳಗೆ ಕರಗಿದ್ದೆಲ್ಲ ಸೋರಿ ಅವನ ಕುಲುಮೆಯ ಹೊಟ್ಟೆ ಸೇರುತ್ತದೆ. ಹಾಗಾಗಿ ಮಾವ ತಟ್ಟಿ, ಕಿವಿಗೊಟ್ಟು, ಒಪ್ಪದೆ ಯಾವ ಮೂಸೆಯೂ ಅವರ ಕೆಲಸದ ಷೆಡ್ಡಿನ ಬಾಗಿಲು ದಾಟಿದ್ದಿಲ್ಲ. ಗಟ್ಟಿ ಮೂಸೆ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ ಎನ್ನುತ್ತದೆ. ಮನೆಯಲ್ಲಿ ಮಾವನ ಮಾತಿಗೆ ಎದುರಾಡುವವರು ಇದ್ದರು, ಮುಖ್ಯವಾಗಿ ಅತ್ತೆ. ಮಾವನ ಕಿವಿಗೆ ಎದುರಾಡಿದವರು ಮಾತ್ರ ಯಾರೂ ಇರಲಿಲ್ಲ.

ಸೊಸೆಗೇನೋ ಠಣ್ ಎಂದೇ ಕೇಳಿಸಿತ್ತು. ಆದರೆ ಮಾವ 'ಒಡೆದಿದೆ' ಎಂದ ಮೇಲೆ, ಆ ಠಣ್ಣಿನ ಹಿಂದೆ ಎಲ್ಲೋ ಒಂದು ಬೊದ್ ಅಡಗಿರಬೇಕು ಅನ್ನಿಸತೊಡಗಿತು. ಕುಲುಮೆಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಂಗೀತ ಕೇಳುವವನಂತೆ ಕಣ್ಣು ಮುಚ್ಚಿ ತಲೆದೂಗಿ, "ಹೌದು ಯಜಮಾನ್ರೇ, ಬೊದ್ದಾಗೇ ಇದೆ," ಎಂದ.

ಮಾವ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಇನ್ನು ಸ್ವಲ್ಪ ದಿನ ಪಾಲಿಶ್ ಕೆಲಸಾನೇ ನೋಡ್ಕೊಳಮ್ಮ, ಬೆಸುಗೆ ಎಲ್ಲಿಗೂ ಓಡಿಹೋಗಲ್ಲ ಎಂದು ಮೆತ್ತಗೆ ಹೇಳಿದರು. ಪಾಲಿಶ್ ಮೇಜಿನಿಂದ ಬೆಸುಗೆಯ ಮೇಜಿಗೆ ಬರಲು ಪಟ್ಟ ಪಾಡು ಅವಳೊಬ್ಬಳಿಗೇ ಗೊತ್ತು. ಅವಳು ಮೂಸೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಬಣ್ಣ ಹಚ್ಚಿ ನೋಡ್ಲಾ ಮಾವ? ಎಲ್ಲಿ ಒಡೆದಿದೆ ಅಂತಾದ್ರೂ ಗೊತ್ತಾಗ್ಲಿ."

ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಎರಚಿದಳು. ಬಿರುಕಿದ್ದರೆ ಒಳಗೆ ಸೇರಿಕೊಂಡ ಬಣ್ಣ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಎದ್ದು ಬರಬೇಕು. ಮೂವರೂ ತೊಟ್ಟಿಲಿಗೆ ಬಗ್ಗಿದ ನೆಂಟರಂತೆ ಬಗ್ಗಿ ಕಾದರು. ಬಿಳಿ ಬಿಳಿಯಾಗಿಯೇ ಉಳಿಯಿತು. ಬಣ್ಣ ಹಳೇದಿರಬೇಕು ಎಂದು ಗೊಣಗಿ ಮಾವ ಬೀರು ತೆರೆದರು. ಗಟ್ಟಿ ಮೂಸೆಯ ದನಿ ಹೇಗಿರುತ್ತದೆಂದು ಸೊಸೆಗೆ ತೋರಿಸಲು, ತಾವೇ ಮಾಡಿಟ್ಟ ಒಂದನ್ನು ಎತ್ತಿ ತಟ್ಟಿದರು. ಅವರ ಮುಖ ಸಣ್ಣದಾಯಿತು. ಅದರ ಪಕ್ಕದ್ದನ್ನು ತಟ್ಟಿದರು. ಅದರ ಹಿಂದಿನದನ್ನೂ.

"ಇವೂ ಒಡೆದಿವೆಯಲ್ಲ," ಎಂದರು, ಕೇಳಿಸಿಯೂ ಕೇಳಿಸದಂತೆ.

"ಅವೂ ಬೊದ್ದೇ ಯಜಮಾನ್ರೇ," ಎಂದ ಕುಲುಮೆಯವನು. ಹಿಡಿದ ದಾರಿಯನ್ನು ನಡುವೆ ಬಿಡುವ ಆಸಾಮಿಯಲ್ಲ ಅವನು.

ಮಾವ ಅವನನ್ನೇ ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಒಂದು ಚಮಚ ತೆಗೆದುಕೊಂಡು ಅವನ ಕಿವಿಯ ಪಕ್ಕದಲ್ಲೇ ಸ್ಟೀಲಿನ ಲೋಟಕ್ಕೆ ಫಟ್ಟನೆ ಬಾರಿಸಿದರು. ಕುಲುಮೆಯವನು ಬೆಚ್ಚಿ ಕಿವಿ ಮುಚ್ಚಿಕೊಂಡ. ಮಾವ ಲೋಟವನ್ನು ತಮ್ಮ ಕಿವಿಗೆ ಹಿಡಿದು ಮತ್ತೆ ಬಾರಿಸಿ, ತಲೆಯನ್ನು ಈ ಕಡೆ ಆ ಕಡೆ ವಾಲಿಸಿ ನೋಡಿ, ಸೊಸೆಯ ಕಡೆ ತಿರುಗಿದರು.

"ನಿಂಗೆ ಹೇಗೆ ಕೇಳಿಸ್ತು? ನಿಜ ಹೇಳು."

"ಠಣ್ ಅಂತು ಮಾವ."

"ಮೂಸೆ?"

"ಅದೂನೂ. ಮೊದಲನೇ ಸಲಾನೇ."

"ಮತ್ತೆ ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?"

"ನೀವು ಒಡೆದಿದೆ ಅಂದ್ರಲ್ಲ."

ಮಾವ ಸ್ಟೂಲಿನ ಮೇಲೆ ಕುಸಿದರು. ಸೊಸೆ ನೀರು ತರಲು ಹೊರಟವಳು ಅಲ್ಲೇ ನಿಂತಳು. ಅವರು ಅಳುತ್ತಿರಲಿಲ್ಲ, ನಗುತ್ತಿದ್ದರು. ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಮತ್ತೆ ಸಿಕ್ಕವರ ನಗು. "ಅಬ್ಬ, ಕಿವಿ ತಾನೇ," ಎಂದರು. "ಇಷ್ಟು ವರ್ಷ ಮಾಡಿದ್ದೆಲ್ಲ ಒಡೆದುಹೋಯ್ತು ಅಂತ ನನ್ನ ಜೀವಾನೇ ಹೋಗಿತ್ತು." ವಯಸ್ಸು ಅವರ ಕಿವಿಯಿಂದ ಏರು ಸ್ವರಗಳನ್ನು ಒಂದೊಂದಾಗಿ ಒಯ್ದಿತ್ತು, ಮಾತು ಕೇಳಿಸುತ್ತಿದ್ದುದರಿಂದ ಅವರಿಗೆ ಗೊತ್ತೇ ಆಗಿರಲಿಲ್ಲ. ತನಗೂ ಮೊದಲೇ ಸ್ವಲ್ಪ ಅನುಮಾನ ಬಂದಿತ್ತು ಎಂದು ಕುಲುಮೆಯವನು, ಮೂಸೆ ಒಯ್ಯಲು ತಂದಿದ್ದ ಪೆಟ್ಟಿಗೆಯ ಮುಚ್ಚಳದೊಂದಿಗೆ ಮಾತಾಡಿಕೊಂಡ.

ಮಾವ ಎದ್ದು ಕೊಡತಿಯನ್ನು ಸೊಸೆಯ ಕೈಗಿತ್ತರು. ಬಿಳಿ ಪುಡಿ ಒರೆಸಿದ ಮೂಸೆಯನ್ನು ಅವಳ ಮುಂದಕ್ಕೆ ಸರಿಸಿ, ತಾವು ಮೇಜಿನ ಆ ಬದಿಗೆ ಹೋಗಿ ನಿಂತು ಕನ್ನಡಕ ಏರಿಸಿದರು.

"ನೀನು ತಟ್ಟು," ಎಂದರು. "ನಾನು ನಿನ್ನ ಮುಖ ನೋಡ್ತಿರ್ತೀನಿ."