ನೀರು ಬೇಡದ ಗಿಡ

ತಂಗಡಿ ಎಲೆಯ ಒಗರು ವಾಸನೆ ಕೈಗೆ ಹತ್ತಿದರೆ ಈಗಲೂ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಂಗಳದ ಆ ಬಿಸಿಲ ಮಧ್ಯಾಹ್ನಕ್ಕೆ ಮರಳುತ್ತೇನೆ.

ಮರುದಿನ ಅಮ್ಮ ಆಸ್ಪತ್ರೆಗೆ ಸೇರುವವಳಿದ್ದಳು. ಆದರೂ ದಿನಾ ನೀರು ಕೇಳುತ್ತಿದ್ದ ಮಲ್ಲಿಗೆ ಬಳ್ಳಿಯನ್ನು ಕಿತ್ತು, ಅದೇ ಗುಂಡಿಯಲ್ಲಿ ತಂಗಡಿ ಸಸಿ ನೆಡುತ್ತಿದ್ದಳು. ಹರಿಹರದಿಂದ ಬಂದಿದ್ದ ಅಜ್ಜಿ ಬೈದಳು: "ಮಲ್ಲಿಗಿ ಕಿತ್ತು ಯಾರಾರ ಬೇಲಿಗಿಡ ಹಚ್ತಾರೇನೇ, ಹುಚ್ಚಿ?"

"ಬೇರು ಹಿಡಿದ್ರೆ ಸಾಕವ್ವ. ಆಮೇಲೆ ನೀರು ಹಾಕೋರು ಇರದಿದ್ರೂ ಬದುಕ್ತೈತೆ," ಎಂದಳು ಅಮ್ಮ.

ಅಜ್ಜಿ ಪಕ್ಕದಲ್ಲೇ ಕೂತು, ಕಾದ ಮಣ್ಣನ್ನು ಬೊಗಸೆಯಲ್ಲಿ ತುಂಬಿ ಬೇರಿನ ಸುತ್ತ ಒತ್ತಿದಳು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನ ಜಡೆ ಬಿಚ್ಚಿದಳು. ಕೂದಲನ್ನು ಮೂರು ಪಾಲು ಮಾಡಿ ನನ್ನ ಕೈಗೇ ಕೊಟ್ಟು, "ಇವತ್ತು ನೀನೇ ಹೆಣಿ. ನಾ ನೋಡ್ತೀನಿ," ಎಂದಳು.